ಇದೆಯಾ ಅಣ್ಣ

ನಮ್ಮ ಆಫೀಸಿನ ಹಿರಿಯ ಪ್ರೋಗ್ರಾಮರ್‌ಗೆ ನಾವಿಟ್ಟ ಹೆಸರು ‘ಇದೆಯಾ ಅಣ್ಣ’. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಓಡುತ್ತಿರುವಾಗಲೇ, ಬೇಕಾದ ಹೊತ್ತಿಗೆ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡ್ ತುಂಬಿದ ಫೈಲನ್ನು, ಕರೆಸಿಕೊಳ್ಳಬಹುದು. ಇವರು ಮಾತ್ರ ಶುರುವಿನಲ್ಲೇ ಎಲ್ಲವನ್ನೂ ಕರೆಸಿ, ಒಳಗಿನ ಒಂದೊಂದು ಫಂಕ್ಷನ್ನೂ, ಅಂದರೆ ಕೆಲಸ ಮಾಡುವ ಒಂದೊಂದು ಕೋಡ್ ತುಣುಕೂ, ‘ಇದೆಯಾ, ಇದೆಯಾ’ ಎಂದು ನೋಡುತ್ತಾರೆ. ಊಟಕ್ಕೆ ಎದ್ದವರು ಮೆಟ್ಟಿಲಿನಿಂದ ವಾಪಸು ಬಂದು ಮತ್ತೊಮ್ಮೆ ನೋಡುತ್ತಾರೆ. “ಅಣ್ಣಾ, ಅದಕ್ಕೇನು ಕಾಲು ಬರುತ್ತಾ?” ಎಂದು ಕಾಡಿದರೆ, “ಫೈಲೇನೋ ಇರುತ್ತೆ ಕಣ್ರೋ, ಕರೆದಾಗ ಅದರೊಳಗೆ ಬೇಕಾದ್ದೇ ಇರಲ್ಲ” ಎಂದು ಅಂಗಿಯ ಜೇಬು ಮುಟ್ಟಿಕೊಳ್ಳುತ್ತಾರೆ. ಜೇಬಿನಲ್ಲಿ ಮಗಳ ಉಬ್ಬಸದ ಇನ್‌ಹೇಲರ್ ಇದೆ. ಹಿಂದೊಮ್ಮೆ ಬಸ್ಸಿನಲ್ಲಿ ಅವಳಿಗೆ ಉಸಿರು ಕಟ್ಟಿದಾಗ ಅದು ಕೈಗೇನೋ ಸಿಕ್ಕಿತಂತೆ, ಒತ್ತಿದರೆ ಖಾಲಿ. ಈಗ ಅವಳ ಚೀಲದಲ್ಲೂ ಒಂದಿದೆ. ಮಧ್ಯಾಹ್ನ ಶಾಲೆಯಿಂದ ಫೋನ್ ಮಾಡುವ ಮಗಳು ಇವರು ಕೇಳುವ ಮೊದಲೇ “ಇದೆ ಅಪ್ಪಾ” ಅನ್ನುತ್ತಾಳೆ. ಇವರು ಜೇಬು ಮುಟ್ಟಿಕೊಂಡೇ ಕೇಳುತ್ತಾರೆ: “ಒತ್ತಿ ನೋಡಿದೆಯಾ, ಪುಟ್ಟಿ?”