ಮುನ್ನೂರನೇ ಕಿಲೋಮೀಟರಿನ ಎರ್ಮೆಲಿಂದಾ

ನಾವು ಮೂವರು ಮಕ್ಕಳೂ ಹುಟ್ಟಿದ್ದು ಊರಲ್ಲಲ್ಲ, ಕಿಲೋಮೀಟರುಗಳಲ್ಲಿ. ಅಣ್ಣ ನೂರಾ ನಲವತ್ತರಲ್ಲಿ, ಅಕ್ಕ ನೂರಾ ತೊಂಬತ್ತರಲ್ಲಿ, ನಾನು ಇನ್ನೂರ ಮೂವತ್ತಾರರಲ್ಲಿ. ಅಪ್ಪ ಬಸಿಲಿಯೊ, ಪಂಪಾಸ್ ಎಂಬ ಹುಲ್ಲುಬಯಲಿನಲ್ಲಿ ಹಳಿ ಹಾಸುವ ತಂಡದವನು. ಹಳಿ ಮುಂದೆ ಹೋದಂತೆ ನಮ್ಮ ಮನೆಯಾಗಿದ್ದ ರೈಲುಡಬ್ಬಿಯೂ ಮುಂದೆ ಹೋಗುತ್ತಿತ್ತು. ಹಾಗಾಗಿ ತಂಡದ ಹೆಂಗಸರು ಯಾರೂ ರೊಟ್ಟಿ ಸುಡುವ ಮಣ್ಣಿನ ಗೂಡು ಕಟ್ಟುತ್ತಿರಲಿಲ್ಲ. ಕಟ್ಟಿದರೆ ಹೊತ್ತೊಯ್ಯುವವರು ಯಾರು?

ನಮ್ಮಮ್ಮ ಎರ್ಮೆಲಿಂದಾ ಮುನ್ನೂರನೇ ಕಿಲೋಮೀಟರಿನಲ್ಲಿ ಕಟ್ಟಿಯೇಬಿಟ್ಟಳು. ಆಗ ಅವಳ ಹೊಟ್ಟೆಯಲ್ಲಿ ನಾಲ್ಕನೆಯದು ಇತ್ತು.

"ನಿನ್ ತಲೆ ನೆಟ್ಟಗಿದ್ಯಾ?" ಎಂದ ಅಪ್ಪ.

"ತಲೆ ನೆಟ್ಟಗಿದೆ, ಸೊಂಟ ಬಿದ್ದೋಗಿದೆ. ಇದನ್ನ ಡಬ್ಬೀಲಿ ಹೆರಲ್ಲ ನಾನು."

ಅಪ್ಪ ಸೋತು ಅಲ್ಲೇ ಬಾವಿ ತೋಡಿ, ಹಳಿ ಕಾಯುವ ಕೆಲಸ ಹಿಡಿದ. ಆದರೆ ರೈಲು ನಿಲ್ಲದ ಕಡೆ ಬದುಕುವುದು ಹೇಗೆ? ಹಿಟ್ಟಿಗೂ ಎಣ್ಣೆಗೂ ದಿನವಿಡೀ ಕುದುರೆ ಓಡಿಸಬೇಕು. ಚಳಿಗಾಲದೊಳಗೆ ರೈಲು ನಿಲ್ಲದಿದ್ದರೆ ಮತ್ತೆ ಡಬ್ಬಿಗೇ ಎಂದು ಇಬ್ಬರೂ ಒಪ್ಪಿಕೊಂಡರು. ರೈಲುಗಳೋ ಹೊಗೆ ಉಗುಳಿ ಹೋಗುತ್ತಿದ್ದವು. ಅಮ್ಮ ಒಂದೊಂದಕ್ಕೂ ಶಾಪ ಹಾಕುತ್ತಿದ್ದಳು.

ಒಂದು ದಿನ ಗೂಡ್ಸ್ ರೈಲೊಂದು ಬಾಯ್ಲರಿನಲ್ಲಿ ನೊರೆ ಬಂದು ನಿಂತಿತು. ಆ ಬಯಲಿನ ನೀರೆಲ್ಲ ಉಪ್ಪು, ಇಂಜಿನಿಗೆ ಆಗಿಬರುವುದಿಲ್ಲ. ಅಮ್ಮ ಡ್ರೈವರ್ ಫೆರ್ಮಿನ್‌ಗೆ ಸೋರೆಬುರುಡೆಯಲ್ಲಿ ಚಹಾದಂಥ ಯೆರ್ಬಾ ಎಲೆ ಹಾಕಿ ಬಿಸಿನೀರು ಹೊಯ್ದು ಕೊಟ್ಟಳು. ಬುರುಡೆ ವಾಪಸು ಕೊಡುವಾಗ "ಉಪಕಾರ ಆಯ್ತು" ಎಂದರೆ ನಮ್ಮಲ್ಲಿ ಸಾಕು ಎಂದರ್ಥ. ಹಾಗೆನ್ನುವವರೆಗೆ ತುಂಬಿಸಿ ಕೊಡುತ್ತಲೇ ಇರಬೇಕು. ಫೆರ್ಮಿನ್ ಎಂಟು ಸಲ ಹೀರಿದರೂ ಅವನ ಬಾಯಿಂದ ಆ ಮಾತು ಬರಲಿಲ್ಲ.

"ಏನಣ್ಣ, ಉಪಕಾರ ಅನ್ನೋದು ನಿಮ್ಮೂರಲ್ಲಿ ಇಲ್ವಾ? ಎಲೆ ಮುಗೀತಾ ಬಂತು."

"ಬೈಬೇಡ ತಂಗಿ, ನೀರಿನ ರುಚಿ ಹಾಗಿದೆ. ಒಂದ್ಚೂರೂ ಉಪ್ಪಿಲ್ಲ! ಎಲ್ಲಿಂದ ತಂದೆ?"

"ಆಕಾಶದಿಂದ! ನಮ್ ಬಾವೀದು ಕಣಣ್ಣ."

ಅವನು ಎರಡು ಬಾಟಲಿ ತುಂಬಿಸಿಕೊಂಡು ಹೋದ. ಮುಂದಿನ ವಾರವೇ ರೈಲ್ವೆಯವರು ಬಂದು ನೀರು ಪರೀಕ್ಷಿಸಿದರು. ಚಳಿ ಬೀಳುವುದರೊಳಗೆ ಬಾವಿಯ ಪಕ್ಕ ಎತ್ತರದ ಟ್ಯಾಂಕು ಎದ್ದಿತು, ಇಂಜಿನುಗಳೆಲ್ಲ ನೀರಿಗಾಗಿ ನಿಲ್ಲತೊಡಗಿದವು. ಅಮ್ಮನ ರೊಟ್ಟಿಗೆಂದು ಇಳಿದ ಕಮ್ಮಾರನೊಬ್ಬ ಉಳಿದೇಬಿಟ್ಟ. ಅವನ ಹಿಂದೆ ಅಂಗಡಿಯವನು, ಅಂಗಡಿಯವನ ಅತ್ತೆ, ಅತ್ತೆಯ ಜೊತೆ ಜಗಳವಾಡಲು ಇನ್ನೂ ನಾಲ್ಕು ಮನೆ.

ಆ ಚಳಿಗಾಲದಲ್ಲೇ ತಂಗಿ ದೆಲ್ಫಿನಾ ಹುಟ್ಟಿದಳು. ಜನನ ಬರೆಸಲು ಅಮ್ಮ ನನ್ನನ್ನೂ ಕರೆದುಕೊಂಡು ರೈಲು ಹತ್ತಿ ಪಟ್ಟಣಕ್ಕೆ ಹೋದಳು.

"ಹುಟ್ಟಿದ್ದು ಮುನ್ನೂರನೇ ಕಿಲೋಮೀಟರ್ ತಾನೇ?" ಎಂದ ಗುಮಾಸ್ತ.

"ಅಲ್ಲ, ಊರಲ್ಲಿ."

"ಅಲ್ಲಿ ಊರೇ ಇಲ್ವಲ್ಲಮ್ಮ. ಏನಿದೆ ಅಲ್ಲಿ?"

"ಸಿಹಿನೀರಿದೆ, ನಾವಿದ್ದೀವಿ. ಮೂರು ಮಕ್ಕಳಿಗೆ ನಂಬರ್ ಬರ್ಸಿದೀನಿ ಸ್ವಾಮಿ, ಇವಳಿಗೆ ಊರು ಬೇಕು. ನಿಧಾನಕ್ಕೆ ಯೋಚ್ನೆ ಮಾಡಿ, ಕಾಯ್ತೀನಿ."

ಅಮ್ಮ ಬೆಂಚಿನ ಮೇಲೆ ಕೂತು ಮಗುವಿಗೆ ಹಾಲು ಕೊಡತೊಡಗಿದಳು. ಗುಮಾಸ್ತ ಕೊನೆಗೆ ನಿಟ್ಟುಸಿರು ಬಿಟ್ಟು "ಸಿಹಿನೀರು" ಎಂದೇ ಬರೆದ. ನಮ್ಮೂರಿಗೆ ಅದೇ ಹೆಸರಾಯಿತು.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಕಾಗದ ತೆಗೆದು, "ಊರು ಎಲ್ಲಿ ಬರೆದಿದೆ ತೋರ್ಸೋ" ಎಂದು ನನ್ನನ್ನು ಪೀಡಿಸಿದಳು. ನನಗೂ ಓದು ಬರುತ್ತಿರಲಿಲ್ಲ. ಯಾವುದೋ ಒಂದು ಸಾಲು ತೋರಿಸಿದೆ. ಅವಳು ಅದನ್ನೇ ಬೆರಳಿನಿಂದ ಸವರಿ ಸವರಿ ನಕ್ಕಳು.