ಗ್ರಾಫ್ ಹಾಳೆ ಮುಟ್ಟದ ಹುಡುಗಿ

ಸಾಸ್ವೆಹಳ್ಳಿಯಲ್ಲಿ ಗಣಿತ ಕಲಿಸುತ್ತಿದ್ದಾಗ ನನ್ನ ತರಗತಿಯ ಒಬ್ಬ ಹುಡುಗಿ ಗ್ರಾಫ್ ಹಾಳೆ ಮುಟ್ಟುತ್ತಲೇ ಇರಲಿಲ್ಲ. ನಾನು ಸಮೀಕರಣ ಓದಿ ಹೇಳಿದರೆ ಸಾಕು, "ಎಕ್ಸ್‌ಗೆ ವರ್ಗ ಐತೆ ಸಾರ್, ಇದು ನೇರ ಗೆರೆ ಆಗಂಗಿಲ್ಲ" ಎನ್ನುತ್ತಿದ್ದಳು. ಉತ್ತರ ಯಾವತ್ತೂ ಸರಿ. ನಕ್ಷೆ ಬರೆಯಲು ಸೋಮಾರಿತನ ಎಂದುಕೊಂಡು ತಿಂಗಳಿಡೀ ಅವಳನ್ನು ಬಾಗಿಲಾಚೆ ನಿಲ್ಲಿಸಿದೆ. ಅಲ್ಲಿಂದಲೂ ಸರಿಯುತ್ತರ ಹೇಳಿದಳು. ನನಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಶಾಲೆಗೆ ಬಂದ ಕಣ್ಣಿನ ಡಾಕ್ಟರು, ಅವಳ ದೃಷ್ಟಿ ಬಹುಪಾಲು ಹೋಗಿದೆ, ಇನ್ನು ಮರಳುವುದಿಲ್ಲ ಎಂದರು. ಹಾಳೆಯ ಆ ತೆಳು ಹಸಿರು ಚೌಕಗಳು ಅವಳಿಗೆ ಕಂಡೇ ಇರಲಿಲ್ಲ.

ಕೂಲಿ ಬಿಟ್ಟು ಓಡಿಬಂದ ತಾಯಿ ಅಳಲಿಲ್ಲ. "ನಾನು ಕತ್ತಲಾಗೆ ಹೋಗಿ ಕತ್ತಲಾಗೆ ಬರೋಳು. ಬೆಳಕಿನಾಗೆ ಅವಳನ್ನ ನೋಡ್ತಿದ್ದೋರು ನೀವೇ ಅಲ್ಲೇನ್ರೀ, ಮೇಷ್ಟ್ರೇ?" ಎಂದರು.