ಹತ್ತೊಂಬತ್ತು ‘ಅದಿರ್ಲಿ’

ಆ ಹುಡುಗಿಗೆ ಸಂಸ್ಥೆಯಲ್ಲಿ ಇಟ್ಟಿದ್ದ ಹೆಸರು ಕತ್ತರಿ. ನಾಲಿಗೆ ಹರಿತ ಅಂತಲ್ಲ, ಪಾಪ, ಅವಳು ಮಾತಾಡುತ್ತಿದ್ದುದೇ ಕಡಿಮೆ. ಮಾಡುತ್ತಿದ್ದ ಕೆಲಸದಿಂದ ಬಂದ ಹೆಸರು ಅದು. ಶಾಂತಿ ಮತ್ತು ಸಂಘರ್ಷಗಳ ಅಧ್ಯಯನ ನಡೆಸುವ ಸಂಸ್ಥೆ. ಅದರ ಮೂರನೇ ಮಹಡಿಯಲ್ಲಿ, ಕಿಟಕಿ ಪೂರ್ತಿ ಮುಚ್ಚದ ಕೋಣೆಯೊಂದರಲ್ಲಿ ನಾಲ್ಕು ಜನ ವಿದ್ಯಾರ್ಥಿಗಳು ಸಂಶೋಧನಾ ಸಹಾಯಕರಾಗಿದ್ದರು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಇಲ್ಲಿ ಕೆಲಸ.

ಗಲಭೆಯ ವರ್ಷಗಳಲ್ಲಿ ಮನೆಯವರನ್ನು ಕಳೆದುಕೊಂಡವರ ಹೇಳಿಕೆಗಳು ಕ್ಯಾಸೆಟ್ಟುಗಳಲ್ಲಿದ್ದವು. ಒಬ್ಬರು ಅದನ್ನು ಕೇಳಿ, ಹೇಳಿಕೆ ಮುಗಿದ ಮೇಲಿನ ಪ್ರಶ್ನೋತ್ತರವನ್ನು ಬಿಟ್ಟು, ಉಳಿದದ್ದನ್ನು ಇದ್ದ ಹಾಗೆ ಟೈಪು ಮಾಡಿದರೆ, ಆ ಹಾಳೆ ಕತ್ತರಿಯ ಮೇಜಿಗೆ ಬರುತ್ತಿತ್ತು. ಹೆಸರಿದ್ದಲ್ಲಿ ನಂಬರು ಹಾಕಬೇಕು. ಮಗ, ಮಗಳು ಎಂದಿದ್ದಲ್ಲೆಲ್ಲ ಗುರುತು ಸಿಗದಂತೆ ‘ಮಗು’ ಎಂದು ಮಾಡಬೇಕು. ‘ಅಂದ್ರೆ’, ‘ಅದೇನೋ’, ‘ಅದಿರ್ಲಿ’ ಮುಂತಾದ, ಬಾಯಿಗೆ ಬಂದು ಹೋಗುವ ಮಾತುಗಳನ್ನೆಲ್ಲ ಕಿತ್ತುಹಾಕಬೇಕು. ಹೀಗೆ ತಯಾರಾದದ್ದಕ್ಕೆ ಶುದ್ಧ ಪ್ರತಿ ಎನ್ನುತ್ತಿದ್ದರು. ಅದಾದ ಮೇಲೆ ಮೊದಲಿನ ಹಾಳೆಯನ್ನು ಹರಿದುಬಿಡುತ್ತಿದ್ದರು.

“ನಿನ್ನ ಕೈಗೆ ಸಿಕ್ಕಿದ್ರೆ ನಮ್ಮಜ್ಜಿ ಹೇಳೋ ಕಥೆ ಎರಡೇ ಸಾಲಿಗೆ ಇಳಿಯುತ್ತೆ ತಾಯಿ,” ಎಂದು ಪಕ್ಕದ ಮೇಜಿನ ಲಂಬು ರೇಗಿಸುತ್ತಿದ್ದ. ಕತ್ತರಿ ಎಂದು ಕರೆದವನೂ ಅವನೇ.

ಮನೆಯಲ್ಲಿ ಈ ಹೆಸರು ಕೇಳಿ ಅಮ್ಮ ನಕ್ಕಿದ್ದಳು. ಅಮ್ಮ ದರ್ಜಿ ಅಂಗಡಿಯೊಂದರಲ್ಲಿ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದವಳು. “ನನ್ನ ಮಗಳಲ್ವಾ, ಕತ್ತರಿ ಅಲ್ದೆ ಇನ್ನೇನಾಗ್ತಾಳೆ?” ಎಂದಿದ್ದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಕೇಳಿದ್ದಳು: “ಎಲ್ಲರ ಹೇಳಿಕೆನೂ ನೀನೇ ಓದ್ತೀಯಾ?”

“ಓದಿದ್ರೂ ಯಾರದು ಅಂತ ಗೊತ್ತಾಗಲ್ಲಮ್ಮ. ಬರೀ ನಂಬರು.”

“ಹಾಗಾದ್ರೆ ಸರಿ.”

ಅಪ್ಪನ ನೆನಪು ಕತ್ತರಿಗೆ ಇರಲಿಲ್ಲ. ಅವಳಿಗೆ ಐದು ವರ್ಷವಿದ್ದಾಗ ಜ್ವರ ಬಂದು ತೀರಿಕೊಂಡರು ಎಂದು ಅಮ್ಮ ಹೇಳಿದ್ದಳು. ಅದಕ್ಕಿಂತ ಹೆಚ್ಚು ಕೇಳಿದರೆ, “ಅದಿರ್ಲಿ, ಓದ್ಕೋ ಹೋಗು,” ಎನ್ನುತ್ತಿದ್ದಳು. ಅಮ್ಮನ ಎಲ್ಲ ಮಾತುಗಳೂ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ಅವಳಿಗೆ ಇನ್ನೊಂದು ಹುಚ್ಚೂ ಇತ್ತು. ಯಾವ ಬಾಡಿಗೆ ಮನೆ ಹಿಡಿದರೂ ಪಾತ್ರೆ ಜೋಡಿಸುವ ಮೊದಲು ಬಡಗಿಯನ್ನು ಕರೆಸಿ, ಬಾಗಿಲ ಚಿಲಕವನ್ನು ಮೇಲಿನ ತುದಿಗೆ ಹಾಕಿಸುತ್ತಿದ್ದಳು. “ಕಳ್ಳರೆಲ್ಲ ಕುಳ್ಳರು ಅಂದ್ಕೊಂಡಿದೀಯಾ ಅಮ್ಮ?” ಎಂದು ಮಗಳು ನಗುತ್ತಿದ್ದಳು. ಅಮ್ಮ ಬಡಗಿಗೆ ಇನ್ನೂ ಮೇಲೆ ತೋರಿಸುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಇನ್ನೂರ ಹನ್ನೆರಡನೇ ಹೇಳಿಕೆ ಕತ್ತರಿಯ ಕೈಗೆ ಬಂತು. ಅದರ ತುಂಬ ‘ಅದಿರ್ಲಿ’. ಅದಿರ್ಲಿ ಎಂದು ಯಾರು ತಾನೇ ಅನ್ನುವುದಿಲ್ಲ? ಒಂದೊಂದಾಗಿ ಎಲ್ಲವನ್ನೂ ಹೊಡೆದುಹಾಕಿದಳು. ಆದರೆ ಅದರಲ್ಲಿದ್ದ ಸಂಗತಿ ಮನಸ್ಸಿನಿಂದ ಹೋಗಲಿಲ್ಲ. ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದಳು.

“ಯಾರೋ ಬಂದು ಬಾಗಿಲು ಬಡಿದ್ರಂತೆ. ಮನೆ ಮಗುನೇ ಹೋಗಿ ಚಿಲಕ ತೆಗೆದುಬಿಡ್ತಂತೆ. ಅಪ್ಪನ್ನ ಎಳ್ಕೊಂಡು ಹೋದ್ರಂತೆ. ಆ ಮಗು ಇದನ್ನ ತಿಳ್ಕೊಂಡು ಹೇಗೆ ಬದುಕುತ್ತೋ, ಪಾಪ.”

ಅಮ್ಮ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. “ಅದಿರ್ಲಿ,” ಎಂದಳು. “ನೀನು ಊಟ ಮಾಡು.”

ಮರುವರ್ಷ ಎದೆನೋವು ಬಂದು ಅಮ್ಮ ಮೂರೇ ದಿನಕ್ಕೆ ಹೋದಳು. ಉಳಿದದ್ದು ಹೊಲಿಗೆ ಯಂತ್ರ, ಎರಡು ಫೋಟೋ. ಫೋಟೋ ಮಾತಾಡುವುದಿಲ್ಲವಲ್ಲ. ನಾಲ್ಕು ತಿಂಗಳಾಗುವಷ್ಟರಲ್ಲಿ ಅಮ್ಮನ ಧ್ವನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಕತ್ತರಿ ಒದ್ದಾಡತೊಡಗಿದಳು. ಮನೆಯಲ್ಲಿ ಒಬ್ಬಳೇ ನಿಂತು “ಅದಿರ್ಲಿ” ಎಂದು ಅಮ್ಮನ ಹಾಗೆ ಹೇಳಿ ನೋಡುತ್ತಿದ್ದಳು. ಬರುತ್ತಿರಲಿಲ್ಲ.

ಆಗ ಹೇಳಿಕೆಗಳೆಲ್ಲ ಪುಸ್ತಕವಾಗುವ ಸಮಯ. ಶುದ್ಧ ಪ್ರತಿಯನ್ನು ಕ್ಯಾಸೆಟ್ಟಿನ ಜೊತೆ ತಾಳೆ ನೋಡುವ ಕೆಲಸವನ್ನು ಸಂಸ್ಥೆಯ ಮುಖ್ಯಸ್ಥೆ ಮೇಡಂ ಹಂಚಿದರು. ಕೆಲವು ಕ್ಯಾಸೆಟ್ಟುಗಳಿಗೆ ಕೆಂಪು ಚೀಟಿ ಅಂಟಿಸಿತ್ತು. ತಾಳೆ ಮುಗಿದ ದಿನವೇ ಅವನ್ನು ಅಳಿಸಬೇಕು. ಹೇಳಿಕೆ ಕೊಟ್ಟವರು ಹಾಗೆಂದು ಮಾತು ತೆಗೆದುಕೊಂಡಿದ್ದರು. ಇನ್ನೂರ ಹನ್ನೆರಡಕ್ಕೂ ಕೆಂಪು ಚೀಟಿ ಇತ್ತು.

ಮಧ್ಯಾಹ್ನ ಮೂರು ಗಂಟೆ. ಲಂಬು ಟೀ ತರಲು ಇಳಿದಿದ್ದ. ಕತ್ತರಿ ಕಿವಿಗೆ ಹೆಡ್‌ಫೋನು ಹಾಕಿ ಗುಂಡಿ ಒತ್ತಿದಳು. ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ, “ಎಲ್ಲಿಂದ ಹೇಳ್ಲಿ... ಅದಿರ್ಲಿ, ಬಾಗಿಲು ಬಡಿದಲ್ಲಿಂದ ಹೇಳ್ತೀನಿ.”

ಅಮ್ಮ!

ಪರಿಚಯದವರ ಧ್ವನಿ ಬಂದರೆ ಅಲ್ಲಿಗೇ ನಿಲ್ಲಿಸಿ ಮೇಡಂಗೆ ವಾಪಸು ಕೊಡಬೇಕೆಂಬ ನಿಯಮವಿತ್ತು. ನಿಯಮ ಯಾರಿಗೆ ಬೇಕಿತ್ತು?

“ಹೆಸರು ಹಿಡಿದು ಕರೆದ್ರು. ಮಗಳು ಅಪ್ಪನ ಸ್ನೇಹಿತರು ಅಂದ್ಕೊಂಡ್ಳು. ಐದು ವರ್ಷ ಅವಳಿಗೆ. ಚಿಲಕ ಅವತ್ತೇ ಮೊದಲನೇ ಸಲ ಕೈಗೆ ಎಟುಕಿದ್ದು. ತೆಗೆದು, ನನ್ನ ಕಡೆ ತಿರುಗಿ ನಕ್ಕಳು, ನೋಡು ಎಟುಕ್ತು ಅನ್ನೋ ಹಾಗೆ. ಅದಿರ್ಲಿ.”

ಕತ್ತರಿ ಶುದ್ಧ ಪ್ರತಿಯನ್ನು ನೋಡಿದಳು. ‘ಮಗು ಬಾಗಿಲು ತೆಗೆಯಿತು. ನಾಲ್ಕು ಜನ ಒಳಗೆ ಬಂದರು.’ ಅಮ್ಮ ಉಸಿರು ತೆಗೆದುಕೊಳ್ಳಲು ನಿಂತ ಜಾಗ ಅಲ್ಲಿ ಇರಲೇ ಇಲ್ಲ. ಅದನ್ನು ಕತ್ತರಿಯೇ ಕತ್ತರಿಸಿದ್ದಳು. ನಗುತ್ತಾ ಬಾಗಿಲು ತೆಗೆದು ಅಪ್ಪನನ್ನು ಕೊಟ್ಟವಳೂ ತಾನೇ. ಆ ಮಗು ಹೇಗೆ ಬದುಕುತ್ತೋ ಎಂದು ಅಮ್ಮನ ಎದುರಿಗೇ ಕೂತು ಕೇಳಿದವಳೂ ತಾನೇ. ಅಷ್ಟರಲ್ಲಿ ಹೇಳಿಕೆ ಮುಗಿದು, ಟೈಪಾಗದ ಪ್ರಶ್ನೋತ್ತರ ಶುರುವಾಗಿತ್ತು. ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳುವವರು, “ಮಗಳಿಗೆ ಗೊತ್ತಾ?” ಎಂದರು.

“ಇಲ್ಲ. ಜ್ವರ ಅಂತ ಹೇಳಿದೀನಿ. ಅವಳಿಗೆ ಯಾವತ್ತೂ ಗೊತ್ತಾಗೋದು ಬೇಡ. ಅದಕ್ಕೇ ಇದನ್ನ ಅಳಿಸಿಬಿಡಿ ಅಂತಿರೋದು. ಅಳಿಸ್ತೀರಾ ತಾನೇ?”

ಮೇಜಿನ ಡ್ರಾಯರಿನಲ್ಲಿ ಖಾಲಿ ಕ್ಯಾಸೆಟ್ಟುಗಳಿದ್ದವು. ಚೀಟಿ ಕಿತ್ತು ಅದಕ್ಕೆ ಅಂಟಿಸಿ, ಇದನ್ನು ಚೀಲಕ್ಕೆ ಹಾಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜೀವಮಾನವಿಡೀ ಅಮ್ಮನ ಧ್ವನಿ ಮನೆಯಲ್ಲಿರುತ್ತಿತ್ತು. ಕತ್ತರಿ ಖಾಲಿ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡಳು ಕೂಡ. ಇಷ್ಟು ವರ್ಷ ಅಮ್ಮ ಕೇಳಿಕೊಂಡದ್ದು ಒಂದೇ ಒಂದು, ಅದೂ ಯಾರೋ ಅಪರಿಚಿತರನ್ನು. ಕ್ಯಾಸೆಟ್ಟು ಮತ್ತೆ ಡ್ರಾಯರಿಗೆ ಹೋಯಿತು.

ಅಂದು ಅವಳು ಟೇಪನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಕೇಳಿದಳು. ಎರಡನೇ ಸಲ, ಅಮ್ಮ ‘ಅದಿರ್ಲಿ’ ಎಂದ ಕಡೆಯಲ್ಲೆಲ್ಲ ಶುದ್ಧ ಪ್ರತಿಯಲ್ಲಿ ಪೆನ್ನಿನಿಂದ ಆ ಮಾತನ್ನು ವಾಪಸು ಬರೆದಳು. ಆಮೇಲೆ ಮೈಕಿನ ತಂತಿ ಕಿತ್ತು, ರೆಕಾರ್ಡು ಗುಂಡಿ ಒತ್ತಿದಳು. ಅಳಿಸಲು ಟೇಪು ಓಡುವಷ್ಟೇ ಹೊತ್ತು ಬೇಕು. ನಲವತ್ತು ನಿಮಿಷ ಚಕ್ರ ತಿರುಗುವುದನ್ನು ನೋಡುತ್ತಾ ಕೂತಿದ್ದಳು. ಲಂಬು ತಂದಿಟ್ಟ ಟೀ ಆರಿ ಕೆನೆ ಕಟ್ಟಿತು.

ಮರುದಿನ ಮೇಡಂ ಪೆನ್ಸಿಲು ಹಿಡಿದು ಹಾಳೆಯ ಜೊತೆ ಬಂದರು.

“ಏನಮ್ಮ ಕತ್ತರಿ, ನೀನು ಹೀಗೆ ಮಾಡೋಳಲ್ಲವಲ್ಲ. ಇನ್ನೂರ ಹನ್ನೆರಡರಲ್ಲಿ ಹತ್ತೊಂಬತ್ತು ಸಲ ಅದಿರ್ಲಿ, ಅದಿರ್ಲಿ ಅಂತಿದೆ. ತೆಗೆದುಬಿಡ್ಲಾ?”

ಕತ್ತರಿ ಹಾಳೆಯ ಮೇಲೆ ಕೈಯಿಟ್ಟಳು.

“ಬೇಡ ಮೇಡಂ,” ಎಂದಳು. “ಅದಿರ್ಲಿ.”

ಹೇಳಿದ ಮೇಲೆ ಅವಳಿಗೇ ಕೇಳಿಸಿತು, ಅದು ಅಮ್ಮನ ಧ್ವನಿಯಲ್ಲೇ ಬಂದಿತ್ತು. ಮೇಡಂ ಪೆನ್ಸಿಲನ್ನು ಕೆಳಗಿಟ್ಟರು.